ಚುಕ್ಕೆ, ಗೆರೆ, ಗುಂಟೆ



ಮುಂಗಾರಿನ ಪೈರು ಮೊಣಕಾಲುದ್ದ ಬಂದ ಹೊತ್ತಿಗೆ ನಮ್ಮ ಹೊಲಗಳಲ್ಲಿ ಈಚಿನ ವರ್ಷಗಳಲ್ಲಿ ಒಂದು ಹೊಸ ನೋಟ ಕಾಣಸಿಗುತ್ತದೆ. ಬೆಳೆ ಸಮೀಕ್ಷೆಗೆ ಬಂದ ಹುಡುಗ ಮೊಬೈಲ್ ಹಿಡಿದು ಬದುವಿನ ಮೇಲೆ ನಿಂತಿರುತ್ತಾನೆ. ಬೆಳೆಯ ಫೋಟೋ ತೆಗೆಯಬೇಕು, ಆಪ್ ಬಿಡುತ್ತಿಲ್ಲ. ಈ ಸರ್ವೆ ನಂಬರಿನ ಒಳಗೆ ನೀವಿಲ್ಲ ಅನ್ನುತ್ತಿದೆ. ಹುಡುಗ ನಾಲ್ಕು ಹೆಜ್ಜೆ ತೊಗರಿ ಸಾಲಿನೊಳಕ್ಕೆ ಇಳಿಯುತ್ತಾನೆ. ಇನ್ನೂ ಇಲ್ಲ. ಮತ್ತೆ ಹತ್ತು ಹೆಜ್ಜೆ. ಈಗ ಸರಿಹೋಯಿತು. ಹೊಲದ ಯಜಮಾನರಿಗೆ ನಗು. "ಹೊಲ ನಂದು ಅಂತ ನಾನು ಹೇಳಿದ್ರೆ ಸಾಲ್ದೇನಪ್ಪ, ನಿನ್ ಫೋನೂ ಒಪ್ಪಬೇಕಾ?"

ಒಪ್ಪಲೇಬೇಕು. ಬೆಳೆ ವಿಮೆ, ಬೆಳೆ ಹಾನಿ ಪರಿಹಾರ, ಬೆಂಬಲ ಬೆಲೆಯ ಖರೀದಿ, ಎಲ್ಲಕ್ಕೂ ಈಗ ಆ ಸಮೀಕ್ಷೆಯ ಮಾಹಿತಿಯೇ ಆಧಾರ. ಹಾಗಾಗಿ ಆ ಫೋನು ಯಾವ ಧೈರ್ಯದ ಮೇಲೆ ಒಳಗೆ, ಹೊರಗೆ ಎಂದು ತೀರ್ಪು ಕೊಡುತ್ತದೆ ಎಂದು ತಿಳಿದುಕೊಳ್ಳುವುದು ನಮ್ಮ ಕೆಲಸವೇ. ಅಲ್ಲಿ ನಡೆಯುವುದು ಮೂರು ಕೆಲಸ. ಫೋನಿಗೆ ತಾನು ಎಲ್ಲಿದ್ದೇನೆ ಎಂದು ಗೊತ್ತಾಗಬೇಕು. ಆ ಸರ್ವೆ ನಂಬರಿನ ಆಕಾರ ಅದರೊಳಗೆ ಇರಬೇಕು. ತನ್ನ ಚುಕ್ಕೆ ಆ ಆಕಾರದ ಒಳಗಿದೆಯೋ ಇಲ್ಲವೋ ಎಂದು ಲೆಕ್ಕ ಹಾಕಬೇಕು. ಮೊದಲನೆಯದು ಸ್ಥಾನ ಗುರುತಿಸುವ ತಂತ್ರಜ್ಞಾನ, ನಾವು ಜಿಪಿಎಸ್ ಎನ್ನುವುದು. ಉಳಿದ ಎರಡೂ ಸೇರಿ ಭೌಗೋಳಿಕ ಮಾಹಿತಿ ವ್ಯವಸ್ಥೆ, ಜಿಐಎಸ್. ನಕ್ಷೆಯ ವಿಷಯವನ್ನು ರೇಡಿಯೋದಲ್ಲಿ ಹೇಳಲು ಹೊರಟಿದ್ದೇನೆ. ಕೈಯಲ್ಲಿ ಚಿತ್ರವಿಲ್ಲ, ಗೋಡೆಯ ಮೇಲೆ ತೋರಿಸುವ ಕೋಲಿಲ್ಲ. ಗೆರೆಗಳನ್ನು ನೀವೇ ಮನಸ್ಸಿನಲ್ಲಿ ಎಳೆದುಕೊಳ್ಳಬೇಕು.

ಮೊದಲು ಚುಕ್ಕೆ. ಮೇಲಿನಿಂದ ಉಪಗ್ರಹ ನಮ್ಮನ್ನು ನೋಡುತ್ತಿದೆ, ನೋಡಿ ಫೋನಿಗೆ ತಿಳಿಸುತ್ತಿದೆ ಎಂದು ಬಹಳ ಜನ ನಂಬಿದ್ದಾರೆ. ಹಾಗಿಲ್ಲ. ಆ ಉಪಗ್ರಹಕ್ಕೆ ನೀವು ಇದ್ದೀರೆಂದೇ ಗೊತ್ತಿಲ್ಲ. ನೀವೀಗ ಈ ಮಾತು ಕೇಳುತ್ತಿದ್ದೀರಿ. ಯಾರ ಮನೆಯಲ್ಲಿ ರೇಡಿಯೋ ಹಚ್ಚಿದ್ದಾರೆಂದು ನಮ್ಮ ಟ್ರಾನ್ಸ್‌ಮಿಟರಿಗೆ ತಿಳಿಯದು. ಜಿಪಿಎಸ್ ಎನ್ನುವುದೂ ರೇಡಿಯೋ ಪ್ರಸಾರವೇ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಒಂದೊಂದು ಉಪಗ್ರಹವೂ ಹಗಲಿರುಳು ಒಂದೇ ಮಾತು ಸಾರುತ್ತಿರುತ್ತದೆ: ನಾನು ಇಂಥವನು, ಈಗ ಇಂಥ ಜಾಗದಲ್ಲಿದ್ದೇನೆ, ನನ್ನ ಗಡಿಯಾರದಲ್ಲಿ ಈಗ ಇಷ್ಟು ಸಮಯ. ಕೇಳಿಸಿಕೊಂಡು ಲೆಕ್ಕ ಹಾಕುವುದು ಫೋನಿನ ಪಾಡು.

ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಒಂದು, ಎರಡು, ಮೂರು ಎಂದು ಎಣಿಸಿ ಸಿಡಿಲು ಎಷ್ಟು ದೂರ ಬಿತ್ತು ಎಂದು ಹೇಳುವ ಹಿರಿಯರಿದ್ದಾರಲ್ಲ, ಅದೇ ಲೆಕ್ಕ. ಮೂರು ಸೆಕೆಂಡಾದರೆ ಒಂದು ಕಿಲೋಮೀಟರ್. ಆದರೆ ಇಲ್ಲಿ ಓಡುವುದು ಸದ್ದಲ್ಲ, ರೇಡಿಯೋ ಅಲೆ. ಬೆಳಕಿನ ವೇಗ ಅದರದು. ಅಷ್ಟು ಎತ್ತರದಿಂದ ಇಳಿದು ಬರಲು ಅದಕ್ಕೆ ಸೆಕೆಂಡಿನ ಹದಿನೈದನೆಯ ಒಂದು ಪಾಲು ಸಾಕು. ಗಡಿಯಾರ ಒಂದು ಮೈಕ್ರೋಸೆಕೆಂಡ್, ಅಂದರೆ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ತಪ್ಪಿದರೂ ದೂರದ ಲೆಕ್ಕ 300 ಮೀಟರ್ ತಪ್ಪುತ್ತದೆ. ಆದ್ದರಿಂದಲೇ ಉಪಗ್ರಹಗಳಲ್ಲಿ ಪರಮಾಣು ಗಡಿಯಾರ. ಅದೂ ಸಾಲದೆ ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತವನ್ನೂ ಸೇರಿಸಬೇಕು. ಅಷ್ಟು ವೇಗದಲ್ಲಿ, ಅಷ್ಟು ಎತ್ತರದಲ್ಲಿ ಓಡುವ ಗಡಿಯಾರ ನೆಲದ ಗಡಿಯಾರಕ್ಕಿಂತ ದಿನಕ್ಕೆ ಸುಮಾರು 38 ಮೈಕ್ರೋಸೆಕೆಂಡ್ ಮುಂದಕ್ಕೆ ಹೋಗುತ್ತದೆ. ಅದನ್ನು ಸರಿಪಡಿಸದೆ ಬಿಟ್ಟರೆ ಒಂದೇ ದಿನದಲ್ಲಿ ಹತ್ತು ಕಿಲೋಮೀಟರಿಗೂ ಹೆಚ್ಚು ತಪ್ಪು ಬೆಳೆಯುತ್ತದೆ. ತೊಗರಿ ಹೊಲದ ಫೋಟೋದ ಹಿಂದೆ ಐನ್‌ಸ್ಟೈನರು ನಿಂತಿದ್ದಾರೆ ಎಂದರೆ ಅತಿಶಯೋಕ್ತಿ ಅಲ್ಲ.

ಮೂರು ಉಪಗ್ರಹಗಳಿಂದ ದೂರ ಗೊತ್ತಾದರೆ ಜಾಗ ಗೊತ್ತಾದಂತೆ. ಆದರೆ ಫೋನಿನೊಳಗಿನ ಗಡಿಯಾರ ಅಗ್ಗದ್ದು. ಅದರ ತಪ್ಪು ಎಷ್ಟೆಂದು ಕಂಡುಹಿಡಿಯಲು ನಾಲ್ಕನೆಯ ಉಪಗ್ರಹ ಬೇಕು. ಇಷ್ಟೆಲ್ಲ ಆದ ಮೇಲೆ, ತೆರೆದ ಬಯಲಿನಲ್ಲಿ ನಿಂತ ಸಾಮಾನ್ಯ ಫೋನಿನ ಚುಕ್ಕೆ ಸುಮಾರು 5 ಮೀಟರ್ ಆಚೀಚೆ ಇರುತ್ತದೆ. ಮಲೆನಾಡಿನ ಅಡಿಕೆ ತೋಟದಲ್ಲಿ, ಪೇಟೆಯ ಎತ್ತರದ ಕಟ್ಟಡಗಳ ನಡುವೆ ತಪ್ಪು ಇನ್ನೂ ಹೆಚ್ಚು. ಅಲೆಗಳು ಗೋಡೆಗೆ ಬಡಿದು ಸುತ್ತು ಹಾಕಿ ಬರುತ್ತವೆ, ಎಲೆಗಳ ಚಪ್ಪರದಲ್ಲಿ ಸೊರಗುತ್ತವೆ. ಈ 5 ಮೀಟರನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಜಿಪಿಎಸ್ ಅಮೆರಿಕದ ಸೇನೆ ಕಟ್ಟಿದ ವ್ಯವಸ್ಥೆ. ಮೊದಲ ಉಪಗ್ರಹ ಹಾರಿದ್ದು 1978ರಲ್ಲಿ. 2000ದ ಮೇ ತಿಂಗಳವರೆಗೆ ಜನಸಾಮಾನ್ಯರಿಗೆ ಬರುವ ಸಂಕೇತವನ್ನು ಅವರು ಬೇಕೆಂದೇ ಕೆಡಿಸಿ ಕಳಿಸುತ್ತಿದ್ದರು. ಚುಕ್ಕೆ ನೂರು ಮೀಟರಿನಷ್ಟು ಅಲೆದಾಡುತ್ತಿತ್ತು. ಬೇರೆಯವರ ಕೈಯಲ್ಲಿರುವ ದೀಪದ ಬೆಳಕಿನಲ್ಲಿ ಎಷ್ಟು ದಿನ ನಡೆಯುವುದು ಎಂದು ರಷ್ಯಾ, ಯೂರೋಪು, ಚೀನಾ ತಂತಮ್ಮ ವ್ಯವಸ್ಥೆ ಕಟ್ಟಿಕೊಂಡವು. ನಮ್ಮದು ನಾವಿಕ್. ಇಡೀ ಭೂಮಿಗಲ್ಲ, ಭಾರತ ಮತ್ತು ಸುತ್ತಲಿನ ಪ್ರದೇಶಕ್ಕೆ. ಏಳು ಉಪಗ್ರಹಗಳ ಯೋಜನೆ, ಎತ್ತರ ಸುಮಾರು 36,000 ಕಿಲೋಮೀಟರ್. ಮೊದಲನೆಯದು 2013ರ ಜುಲೈ 1ರಂದು ಹಾರಿತು; ಏಳನೆಯದು 2016ರ ಏಪ್ರಿಲ್‌ನಲ್ಲಿ ಹಾರಿದಾಗ ನಾವಿಕ್ ಎಂಬ ಹೆಸರು ಬಂತು. ಇದರ ನೆಲದ ಕೇಂದ್ರ ಇರುವುದು ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿ. ನಾವಿಕ್ ಪಟ್ಟ ಪಾಡು ಗಡಿಯಾರದ್ದೇ. ಮೊದಲ ಉಪಗ್ರಹದ ಮೂರೂ ರುಬಿಡಿಯಂ ಗಡಿಯಾರಗಳು ಕೆಟ್ಟುಹೋದವು. ಅವು ಹೊರದೇಶದಿಂದ ತರಿಸಿದವು. ಬದಲಿ ಉಪಗ್ರಹ 2017ರಲ್ಲಿ ಹಾರಿತು, ರಾಕೆಟ್ಟಿನ ಶಾಖ ಕವಚ ಬಿಚ್ಚಿಕೊಳ್ಳಲಿಲ್ಲ. 2023ರ ಮೇ 29ರಂದು ಹೋದ ಎನ್‌ವಿಎಸ್-01ರಲ್ಲಿ ಮೊದಲ ಬಾರಿಗೆ ನಮ್ಮವರೇ ಮಾಡಿದ ಪರಮಾಣು ಗಡಿಯಾರ ಇತ್ತು. ಪತ್ರಿಕೆಗಳಲ್ಲಿ ರಾಕೆಟ್ಟಿನ ಬೆಂಕಿಯ ಚಿತ್ರ ದೊಡ್ಡದಾಗಿ ಬರುತ್ತದೆ. ನನ್ನನ್ನು ಕೇಳಿದರೆ ಚಿತ್ರ ಹಾಕಬೇಕಾದ್ದು ಆ ಗಡಿಯಾರದ್ದು.

ಇಷ್ಟು ಚುಕ್ಕೆಯ ಕಥೆ. ಗೆರೆಯ ಕಥೆ ಇದಕ್ಕಿಂತ ಹಳೆಯದು, ನನಗೆ ಇದಕ್ಕಿಂತ ಹೆಚ್ಚು ಕುತೂಹಲದ್ದು.

ಫೋನಿನೊಳಗೆ ಕಾಣುವ ಸರ್ವೆ ನಂಬರಿನ ಗೆರೆ ಉಪಗ್ರಹ ಎಳೆದದ್ದಲ್ಲ. ಮೈಸೂರು ಸೀಮೆಯಲ್ಲಿ, ಮುಂಬಯಿ ಕರ್ನಾಟಕದಲ್ಲಿ 19ನೆಯ ಶತಮಾನದ ಸರ್ವೆಯವರು ಸರಪಳಿ ಹಿಡಿದು ಹೊಲ ಹೊಲ ತಿರುಗಿ ಅಳೆದದ್ದು. ಆ ಸರಪಳಿ 33 ಅಡಿ ಉದ್ದ, ಅದಕ್ಕೆ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಆದರೆ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡದ ಕೇಳುಗರು ಇದನ್ನು ಕೇಳಿ ನಮ್ಮಲ್ಲಿ ಸೆಂಟ್ಸ್ ಅಲ್ಲವೇ ಎನ್ನುತ್ತಾರೆ. ಹೌದು, ಅವರಿಗೆ ಎರಡೂವರೆ ಸೆಂಟ್ಸ್ ಎಂದರೆ ಇವರ ಒಂದು ಗುಂಟೆ. ಸರ್ವೆಯವರು ಅಳತೆಯನ್ನು ಟಿಪ್ಪಣಿಯಲ್ಲಿ ಬರೆದರು, ವಿಸ್ತೀರ್ಣವನ್ನು ಆಕಾರ್‌ಬಂದ್‌ನಲ್ಲಿ ಏರಿಸಿದರು, ಎಲ್ಲ ಹೊಲಗಳನ್ನೂ ಜೋಡಿಸಿ ಗ್ರಾಮ ನಕ್ಷೆ ಬರೆದರು, ಮೂಲೆಗಳಲ್ಲಿ ಬಾಂದು ಕಲ್ಲು ನೆಟ್ಟರು. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಇವತ್ತಿಗೂ ಆ ಕಾಗದಗಳಿವೆ.

ಆ ಗ್ರಾಮ ನಕ್ಷೆಯ ಅಳತೆ ಸಾಮಾನ್ಯವಾಗಿ ಒಂದು ಮೈಲಿಗೆ ಎಂಟು ಅಂಗುಲ. ಅಂದರೆ ಕಾಗದದ ಮೇಲಿನ ಒಂದಕ್ಕೆ ನೆಲದ ಮೇಲೆ 7,920. ಈಗ ಒಂದು ಲೆಕ್ಕ ಮಾಡಿ. ಮಸಿಯ ಗೆರೆ ಅರ್ಧ ಮಿಲಿಮೀಟರ್ ದಪ್ಪ ಇದೆ ಎಂದುಕೊಳ್ಳಿ. ನೆಲದ ಮೇಲೆ ಆ ಗೆರೆಯ ಅಗಲ ಎಷ್ಟಾಯಿತು? ಸುಮಾರು 4 ಮೀಟರ್. ಹದಿಮೂರು ಅಡಿ. ಎತ್ತಿನ ಗಾಡಿ ಹೋಗುವಷ್ಟು ಜಾಗ ಬರೀ ಗೆರೆಯ ದಪ್ಪದಲ್ಲೇ ಅಡಗಿದೆ. ಕಾಗದ ನೂರು ವರ್ಷದಲ್ಲಿ ಕುಗ್ಗಿ, ಮಡಚಿದ ಕಡೆ ಹರಿದು, ಬಟ್ಟೆ ಅಂಟಿಸಿಕೊಂಡು ಉಳಿದಿರುತ್ತದೆ. ಅದರ ಲೆಕ್ಕ ಬೇರೆ. ಇಂಥ ನಕ್ಷೆಯನ್ನು ಸ್ಕ್ಯಾನ್ ಮಾಡಿ, ಮೂರು ಊರಿನ ಗಡಿ ಕೂಡುವ ಕಲ್ಲಿನಂಥ ಖಚಿತ ಗುರುತುಗಳನ್ನು ನೆಲದ ಮೇಲೆ ಹುಡುಕಿ, ಅವುಗಳ ಅಕ್ಷಾಂಶ ರೇಖಾಂಶ ಹಿಡಿದು ಕಂಪ್ಯೂಟರಿನಲ್ಲಿ ಕೂರಿಸಬೇಕು.

ಅಕ್ಷಾಂಶ ರೇಖಾಂಶದಲ್ಲೂ ಒಂದು ಸಿಕ್ಕು ಇದೆ. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ಬೆಂಗಳೂರಿನಲ್ಲಿ ಬಾಣಸವಾಡಿ ಕಡೆಯಿಂದ ಏಳು ಮೈಲಿಗೂ ಮಿಗಿಲಾದ ಒಂದು ನೇರ ಗೆರೆಯನ್ನು ಅಳೆದ. ಅಳೆದದ್ದು ನೂರು ಅಡಿಯ ಉಕ್ಕಿನ ಸರಪಳಿಯಿಂದ. ಆ ಸರಪಳಿ ಮೂಲತಃ ಚೀನಾದ ಚಕ್ರವರ್ತಿಗೆ ಕಾಣಿಕೆಯಾಗಿ ಹೋಗಿದ್ದು. ಅಲ್ಲಿ ಅದನ್ನು ಯಾರೂ ಮೂಸಿ ನೋಡದೆ ಇಲ್ಲಿಗೆ ಬಂತು. ಎರಡು ವರ್ಷದ ನಂತರ ಮದರಾಸಿನಿಂದ ಅವನು ಶುರು ಮಾಡಿದ ತ್ರಿಕೋನಗಳ ಸರ್ವೆ ಹಿಮಾಲಯದವರೆಗೂ ಹೋಯಿತು. ಅವನ ನಂತರ ಬಂದ ಜಾರ್ಜ್ ಎವರೆಸ್ಟ್ ಭೂಮಿಯ ಆಕಾರಕ್ಕೆ ಒಂದು ಲೆಕ್ಕ ಕೊಟ್ಟ, ಭಾರತದ ನಕ್ಷೆಗಳೆಲ್ಲ ಅದನ್ನೇ ಹಿಡಿದವು. ಜಿಪಿಎಸ್ ಹಿಡಿದದ್ದು ಬೇರೆ ಲೆಕ್ಕ. ಹಳೆಯ ನಕ್ಷೆಯ ಅಕ್ಷಾಂಶ ರೇಖಾಂಶವನ್ನು ಹಾಗೇ ಎತ್ತಿ ಜಿಪಿಎಸ್ ನಕ್ಷೆಯ ಮೇಲಿಟ್ಟರೆ ನೂರು ಮೀಟರಿಗೂ ಮೀರಿ ಸರಿದು ಕೂರುತ್ತದೆ. ದೇವಸ್ಥಾನ ಹೋಗಿ ಕೆರೆಯೊಳಗೆ ನಿಲ್ಲುತ್ತದೆ. ಪರಿವರ್ತನೆಯ ಸೂತ್ರವಿದೆ, ಕಷ್ಟವಿಲ್ಲ. ಹಾಕಬೇಕೆಂಬ ನೆನಪು ಇರಬೇಕು ಅಷ್ಟೇ.

ಹೀಗೆ ಕೂರಿಸಿದ ಮೇಲೆ ಕಂಪ್ಯೂಟರಿಗೆ ಹೊಲ ಎಂದರೆ ಚಿತ್ರವಲ್ಲ, ಮೂಲೆಗಳ ಪಟ್ಟಿ. ಮೊದಲ ಮೂಲೆ ಇಲ್ಲಿ, ಎರಡನೆಯದು ಅಲ್ಲಿ, ಹೀಗೆ ಸುತ್ತಿ ಬಂದು ಮತ್ತೆ ಮೊದಲಿಗೆ. ಚುಕ್ಕೆ ಒಳಗಿದೆಯೋ ಹೊರಗಿದೆಯೋ ನೋಡುವ ಉಪಾಯ ಎಷ್ಟು ಸುಲಭವೆಂದರೆ ಶಾಲೆಯ ಮಕ್ಕಳಿಗೂ ಹೇಳಿಕೊಡಬಹುದು. ಚುಕ್ಕೆಯಿಂದ ಯಾವುದಾದರೂ ಒಂದು ದಿಕ್ಕಿಗೆ ನೇರವಾಗಿ ಒಂದು ಗೆರೆ ಎಳೆಯಿರಿ, ಹೊಲದಾಚೆ ಬಹು ದೂರದವರೆಗೆ. ಅದು ಹೊಲದ ಗಡಿಯನ್ನು ಎಷ್ಟು ಸಲ ದಾಟಿತು ಎಂದು ಎಣಿಸಿ. ಬೆಸಸಂಖ್ಯೆ ಬಂದರೆ ಚುಕ್ಕೆ ಒಳಗೆ, ಸಮಸಂಖ್ಯೆ ಬಂದರೆ ಹೊರಗೆ. ಹೊಲ ಎಷ್ಟೇ ಸೊಟ್ಟಂಪಟ್ಟ ಇರಲಿ, ಈ ಲೆಕ್ಕ ತಪ್ಪುವುದಿಲ್ಲ. ಮನೆಯಲ್ಲಿ ಸ್ಲೇಟಿನ ಮೇಲೆ ಮಾಡಿ ನೋಡಿ.

ಲೆಕ್ಕ ತಪ್ಪುವುದಿಲ್ಲ, ಲೆಕ್ಕಕ್ಕೆ ಕೊಟ್ಟ ಚುಕ್ಕೆ ಮತ್ತು ಗೆರೆ ತಪ್ಪಿರಬಹುದು. ಚುಕ್ಕೆ 5 ಮೀಟರ್ ಅಲ್ಲಾಡುತ್ತದೆ. ಗೆರೆ 4 ಮೀಟರ್ ದಪ್ಪ. ಗುಂಟೆಯ ಬದಿ ಎಷ್ಟು? 33 ಅಡಿ, 10 ಮೀಟರ್. ಹಾಗಾದರೆ ಬದುವಿನ ಮೇಲೆ ನಿಂತ ಹುಡುಗನಿಗೆ ಫೋನು ಹೊರಗಿದ್ದೀಯ ಎಂದದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ನಡು ಹೊಲಕ್ಕೆ ಹೋದರೆ ಫೋನಿನ ಮಾತು ನಂಬಬಹುದು. ಬದುವಿನ ಹತ್ತಿರ ಅದರ ಮಾತಿಗೆ ಬೆಲೆಯಿಲ್ಲ. ಕರ್ನಾಟಕ ಸರ್ಕಾರದ ದಿಶಾಂಕ್ ಆಪ್ ನಿಮ್ಮಲ್ಲಿ ಹಲವರ ಫೋನಿನಲ್ಲಿರಬೇಕು. ನಿಂತ ಜಾಗದ ಸರ್ವೆ ನಂಬರು ಹೇಳುತ್ತದೆ. ಬೆಂಗಳೂರಿನ ಅಂಚಿನಲ್ಲಿ ಸೈಟು ಕೊಳ್ಳಲು ಹೋದವರು ಆ ಜಾಗ ಗೋಮಾಳವೋ, ಕೆರೆ ಅಂಗಳವೋ, ರಾಜಕಾಲುವೆ ಪಕ್ಕದ್ದೋ ಎಂದು ಒಂದು ನೋಟ ನೋಡಿಕೊಳ್ಳಲು ಅದರಷ್ಟು ಅನುಕೂಲದ್ದು ಇನ್ನೊಂದಿಲ್ಲ. ಆದರೆ ಅಣ್ಣ ತಮ್ಮಂದಿರು ಅದನ್ನೇ ಹಿಡಿದು, ನೋಡು, ನಿನ್ನ ಬದು ನನ್ನ ಹೊಲಕ್ಕೆ ಆರು ಅಡಿ ಬಂದಿದೆ ಎಂದು ಜಗಳಕ್ಕೆ ನಿಂತರೆ ಇಬ್ಬರೂ ತಪ್ಪು. ಅದಕ್ಕೆ ಗಡಿ ಗುರುತಿಸುವ ಹದ್ದುಬಸ್ತಿಗೆ ಅರ್ಜಿ ಕೊಟ್ಟು ಭೂಮಾಪಕರನ್ನು ಕರೆಸಬೇಕು. ಈಗ ಅವರ ಕೈಗೂ ರೋವರ್ ಎಂಬ ಉಪಕರಣ ಬರುತ್ತಿದೆ. ಅದೂ ಉಪಗ್ರಹವನ್ನೇ ಕೇಳುತ್ತದೆ, ಜೊತೆಗೆ ನೆಲದ ಮೇಲೆ ಖಚಿತ ಜಾಗದಲ್ಲಿ ಕೂತ ಸ್ಥಿರ ಕೇಂದ್ರಗಳ ಮಾತನ್ನೂ ಕೇಳಿ ತಪ್ಪು ತಿದ್ದಿಕೊಳ್ಳುತ್ತದೆ. ತಪ್ಪು ಕೆಲವೇ ಸೆಂಟಿಮೀಟರಿಗೆ ಇಳಿಯುತ್ತದೆ. ಆಗಲೂ ರೋವರ್ ಅಳೆಯುವುದು ಇವತ್ತಿನ ನೆಲವನ್ನು. ಹಳೆಯ ಟಿಪ್ಪಣಿಗೂ ಇವತ್ತಿನ ಸ್ವಾಧೀನಕ್ಕೂ ಹೊಂದದೆ ಹೋದರೆ ಯಾವುದು ಸರಿ ಎಂಬ ತೀರ್ಮಾನ ಉಪಗ್ರಹದ್ದಲ್ಲ.

ಜಿಐಎಸ್ ಎಂದರೆ ಬರೀ ಹೊಲದ ಗಡಿ ಎಂದುಕೊಳ್ಳಬೇಡಿ. ಅದರ ನಿಜವಾದ ಶಕ್ತಿ ಇರುವುದು ಒಂದು ನಕ್ಷೆಯ ಮೇಲೆ ಇನ್ನೊಂದನ್ನು ಇಟ್ಟು ಪ್ರಶ್ನೆ ಕೇಳುವುದರಲ್ಲಿ. 1960ರ ಸುಮಾರಿಗೆ ರೋಜರ್ ಟಾಮ್ಲಿನ್‌ಸನ್ ಎಂಬ ಭೂಗೋಳಜ್ಞರಿಗೆ ಪೂರ್ವ ಆಫ್ರಿಕಾದ ಕೀನ್ಯಾದಲ್ಲಿ ನೆಡುತೋಪಿಗೆ ಸರಿಯಾದ ಜಾಗ ಹುಡುಕುವ ಕೆಲಸ ಬಂತು. ಮಣ್ಣು ಇಂಥದ್ದಿರಬೇಕು, ಇಳಿಜಾರು ಇಷ್ಟಿರಬೇಕು, ದಾರಿ ಹತ್ತಿರವಿರಬೇಕು. ಒಂದೊಂದಕ್ಕೂ ಒಂದೊಂದು ನಕ್ಷೆ. ಕೈಯಿಂದ ಹೋಲಿಸಿ ನೋಡಲು ತಗಲುವ ಖರ್ಚು ಕೇಳಿ ಕೆಲಸ ಕೊಟ್ಟವರು ಹಿಂದೆ ಸರಿದರು. ಇದನ್ನು ಕಂಪ್ಯೂಟರಿನಿಂದ ಏಕೆ ಮಾಡಿಸಬಾರದು ಎಂದು ಅವರಿಗೆ ಹೊಳೆಯಿತು. 1962ರಲ್ಲಿ ವಿಮಾನದಲ್ಲಿ ಪಕ್ಕದ ಸೀಟಿನಲ್ಲಿ ಕೂತವರು ಕೆನಡಾ ಸರ್ಕಾರದಲ್ಲಿ ದೇಶದ ಭೂಮಿಯನ್ನೆಲ್ಲ ವಿಂಗಡಿಸುವ ಹೊಣೆ ಹೊತ್ತಿದ್ದ ಲೀ ಪ್ರಾಟ್. ಆ ಮಾತುಕತೆಯಿಂದ ಹುಟ್ಟಿದ್ದು ಕೆನಡಾದ ಭೌಗೋಳಿಕ ಮಾಹಿತಿ ವ್ಯವಸ್ಥೆ, ಜಗತ್ತಿನ ಮೊದಲನೆಯದು. ಆ ಹೆಸರೂ ಟಾಮ್ಲಿನ್‌ಸನ್ನರದೇ. ಇವತ್ತು ಕ್ಯೂಜಿಐಎಸ್ ಎಂಬ ತಂತ್ರಾಂಶ ಬಿಟ್ಟಿಯಾಗಿ ಸಿಗುತ್ತದೆ; ಕಾಲೇಜಿನ ಹುಡುಗಿಯೊಬ್ಬಳು ತನ್ನ ಲ್ಯಾಪ್‌ಟಾಪಿನಲ್ಲಿ ಆ ಕೆಲಸವನ್ನು ಒಂದು ಸಂಜೆಯಲ್ಲಿ ಮುಗಿಸಬಹುದು.

ಉಪಗ್ರಹದ ಚಿತ್ರಗಳೂ ಇದರಲ್ಲಿ ಒಂದು ಪದರ. ಚಿತ್ರ ಎಂದರೆ ಚೌಕಗಳು. ಒಂದೊಂದು ಚೌಕಕ್ಕೂ ಒಂದೊಂದು ಬಣ್ಣದ ಅಂಕಿ. ಪ್ರಯೋಗದ ಹಂತ ದಾಟಿ ಪೂರ್ಣ ಬಳಕೆಗೆ ಬಂದ ನಮ್ಮ ದೇಶದ ಮೊದಲ ದೂರಸಂವೇದಿ ಉಪಗ್ರಹ ಐಆರ್‌ಎಸ್-1ಎ 1988ರ ಮಾರ್ಚಿನಲ್ಲಿ ಹಾರಿತು. ಅದರ ಒಂದು ಕ್ಯಾಮೆರಾದ ಚೌಕ ಬದಿಗೆ 72.5 ಮೀಟರ್, ಅಂದರೆ ಒಂದು ಎಕರೆ ಹನ್ನೆರಡು ಗುಂಟೆ. ಸಣ್ಣ ಹಿಡುವಳಿದಾರರ ಇಡೀ ಹೊಲ ಒಂದೇ ಬಣ್ಣ! ರಾಗಿಯೋ ಅವರೆಯೋ ಹೇಗೆ ತಿಳಿಯಬೇಕು? ಈಗ ಯೂರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಅವುಗಳ ಚೌಕ ಬದಿಗೆ 10 ಮೀಟರ್. ಹೆಚ್ಚು ಕಡಿಮೆ ನಮ್ಮ ಒಂದು ಗುಂಟೆ! ಸರಪಳಿಯ ಸರ್ವೆಯವರು ಮತ್ತು ಉಪಗ್ರಹದವರು ಒಬ್ಬರನ್ನೊಬ್ಬರು ಕೇಳದೆ ಒಂದೇ ಅಳತೆಗೆ ಬಂದು ನಿಂತದ್ದು ನನಗೆ ತಮಾಷೆಯಾಗಿ ಕಾಣುತ್ತದೆ.

ಎಲ್ಲ ಕೆಲಸಕ್ಕೂ ಗುಂಟೆಯ ನಿಖರತೆ ಬೇಕಾಗಿಲ್ಲ ಎಂಬುದೂ ಅಷ್ಟೇ ಮುಖ್ಯ. ಸಿಡಿಲಿನ ಮುನ್ನೆಚ್ಚರಿಕೆ ಕೊಡುವ 'ಸಿಡಿಲು', 'ದಾಮಿನಿ' ಆಪ್‌ಗಳಿಗೆ ನೀವು ಇರುವುದು ಯಾವ ಊರಿನ ಸುತ್ತು ಎಂದು ತಿಳಿದರೆ ಸಾಕು. ಆಗ ಒಂದೆರಡು ಕಿಲೋಮೀಟರ್ ಆಚೀಚೆ ಆದರೂ ನೀವು ಮರದ ಕೆಳಗಿಂದ ಎದ್ದು ಬರಬೇಕಾದ್ದೇ. ಮಳೆಯ ಲೆಕ್ಕಕ್ಕೆ ರಾಜ್ಯದ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ತಾನೇ ಸುದ್ದಿ ಕಳಿಸುವ ಮಳೆಮಾಪಕಗಳನ್ನು ಇಟ್ಟಿದೆ. ಮೊದಲು ಹೋಬಳಿಗೊಂದರಂತೆ ಇದ್ದಾಗ ಪಕ್ಕದೂರಿಗೆ ಬಿದ್ದ ಮಳೆ ನಮ್ಮೂರಿನ ಲೆಕ್ಕಕ್ಕೂ ಬೀಳುತ್ತಿತ್ತು. ಹಾಸನ, ಕೊಡಗಿನ ಕಡೆ ಕೆಲವು ಕಾಡಾನೆಗಳ ಕೊರಳಿಗೆ ರೇಡಿಯೋ ಕಾಲರ್ ಕಟ್ಟಿದ್ದಾರೆ. ಆನೆ ತೋಟದ ಕಡೆ ಬಂದರೆ ಸುತ್ತಲಿನವರ ಫೋನಿಗೆ ಸುದ್ದಿ. ಕಾಫಿ ತೋಟಕ್ಕೆ ಬೆಳಗ್ಗೆ ಕೆಲಸಕ್ಕೆ ಹೋಗುವ ಹೆಂಗಸರಿಗೆ ಆನೆ ಯಾವ ಗಿಡದ ಹಿಂದಿದೆ ಎಂದು ತಿಳಿಯಬೇಕಾಗಿಲ್ಲ, ಈ ದಾರಿ ಬೇಡ ಎಂದು ತಿಳಿದರೆ ಸಾಕು.

ನಕ್ಷೆ ಮಾಡುವುದು ನಮ್ಮಲ್ಲಿ ಬಹುಕಾಲ ಸರ್ಕಾರದ ಸ್ವತ್ತಾಗಿತ್ತು. 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಆ ಕಟ್ಟುಪಾಡುಗಳಲ್ಲಿ ಬಹುಪಾಲನ್ನು ಸಡಿಲಿಸಿತು. ಅದಕ್ಕಿಂತ ಮುಂಚೆಯೇ, 2004ರಲ್ಲಿ, ಬ್ರಿಟನ್ನಿನಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಜನರ ನಕ್ಷೆ ಶುರುವಾಗಿತ್ತು. ಯಾರು ಬೇಕಾದರೂ ತಮ್ಮ ಊರಿನ ದಾರಿ, ಶಾಲೆ, ಕೆರೆ ಸೇರಿಸಬಹುದು; ಒಂದೊಂದು ಜಾಗಕ್ಕೂ ಕನ್ನಡದ ಹೆಸರು ಬರೆಯಲು ಪ್ರತ್ಯೇಕ ಜಾಗವಿದೆ. ನಮ್ಮ ನೂರಾರು ಹಳ್ಳಿಗಳಿಗೆ ಅಲ್ಲಿ ಇನ್ನೂ ಯಾರೂ ಅದನ್ನು ತುಂಬಿಲ್ಲ. ಹೈಸ್ಕೂಲಿನ ಮೇಷ್ಟರುಗಳು ಯಾರಾದರೂ ಕೇಳುತ್ತಿದ್ದರೆ, ಒಂದು ಶನಿವಾರದ ಮಧ್ಯಾಹ್ನ ಮಕ್ಕಳ ಜೊತೆ ಕೂತು ನೋಡಿ. ಹಳ್ಳ, ಕಟ್ಟೆ, ಅರಳಿಮರ, ಗೋಕಟ್ಟೆ, ಇವೆಲ್ಲ ಮಕ್ಕಳಿಗೆ ಗೊತ್ತು, ಕಂಪನಿಗಳ ನಕ್ಷೆಗೆ ಗೊತ್ತಿಲ್ಲ.

ಕೊನೆಯದಾಗಿ ಒಂದು ಎಚ್ಚರಿಕೆ. ಉಪಗ್ರಹಕ್ಕೆ ನೀವು ಗೊತ್ತಿಲ್ಲ ಎಂದೆ. ಆದರೆ ಆ ಮಾತು ಕೇಳಿಸಿಕೊಂಡ ಫೋನಿಗೆ ಗೊತ್ತು, ಫೋನಿನೊಳಗಿನ ಆಪ್‌ಗೂ ಗೊತ್ತು, ಅದು ಯಾರಿಗೆ ಹೇಳುತ್ತದೆಯೋ ಅವರಿಗೂ ಗೊತ್ತು. 2018ರ ಜನವರಿಯಲ್ಲಿ, ವ್ಯಾಯಾಮಕ್ಕೆ ಓಡುವವರು ಬಳಸುವ ಸ್ಟ್ರಾವಾ ಎಂಬ ಆಪ್ ಹೊರತಂದಿದ್ದ ನಕ್ಷೆಯೊಂದು ದೊಡ್ಡ ಸುದ್ದಿಯಾಯಿತು. ಯಾರ ಹೆಸರೂ ಅದರಲ್ಲಿರಲಿಲ್ಲ, ಬರೀ ಓಡಿದ ಜಾಡುಗಳು. ಮರುಭೂಮಿಯ ನಡುವೆ, ಯಾವ ಊರೂ ಇಲ್ಲದ ಕಡೆ ಸುತ್ತು ಸುತ್ತು ಜಾಡು ಹೊಳೆಯುತ್ತಿದ್ದದ್ದು ಜನರ ಕಣ್ಣಿಗೆ ಬಿತ್ತು. ಅದು ಸೈನಿಕರ ಗುಟ್ಟಿನ ನೆಲೆ. ಅವರು ಬೆಳಗ್ಗೆ ಕೈಗಡಿಯಾರ ಕಟ್ಟಿಕೊಂಡು ಓಡಿದ್ದಷ್ಟೇ.

ಆದ್ದರಿಂದ ಆಪ್ ನಿಮ್ಮ ಜಾಗ ಕೇಳಿದಾಗ, ಇದಕ್ಕೆ ನನ್ನ ಜಾಗ ಎಷ್ಟು ನಿಖರವಾಗಿ ಬೇಕು ಎಂದು ಕೇಳಿಕೊಳ್ಳಿ. ಈಚಿನ ಫೋನುಗಳಲ್ಲಿ ನಿಖರವಾದ ಜಾಗ, ಅಂದಾಜು ಜಾಗ ಎಂದು ಎರಡು ಆಯ್ಕೆಗಳಿರುತ್ತವೆ. ಹವಾಮಾನ ಹೇಳುವುದಕ್ಕೆ ಅಂದಾಜು ಸಾಕು. ಟಾರ್ಚ್ ಹಚ್ಚುವ ಆಪ್‌ಗೆ, ಇಸ್ಪೀಟಿನ ಆಟಕ್ಕೆ ನಿಮ್ಮ ಜಾಗವೇ ಬೇಕಾಗಿಲ್ಲ, ಕೊಡಬೇಡಿ. ಬೆಳೆ ಸಮೀಕ್ಷೆಗೆ ನಿಖರವಾದದ್ದೇ ಬೇಕು. 112ಕ್ಕೋ 108ಕ್ಕೋ ಕರೆ ಮಾಡಿದಾಗಲಂತೂ ಸಂಕೋಚ ಬೇಡ. ಫೋನಿನ ಚುಕ್ಕೆ ಅವರನ್ನು ತಲುಪಿದರೂ ತಲುಪದಿದ್ದರೂ, ಹತ್ತಿರದ ಶಾಲೆಯದೋ, ಗುಡಿಯದೋ, ಹಾಲಿನ ಡೇರಿಯದೋ ಹೆಸರು ಬಾಯಲ್ಲೇ ಹೇಳಿ, ಒಬ್ಬರನ್ನು ಮುಖ್ಯರಸ್ತೆಗೆ ಓಡಿಸಿ ನಿಲ್ಲಿಸಿ. ಆಂಬುಲೆನ್ಸ್ ಚಾಲಕರು ಈಗಲೂ ಕೇಳುವುದು ಅದನ್ನೇ.